ಬುನಾದಿ ಅತ್ತಿಗೆ ಮೇಲೆ ಹತ್ತಿದ್ದು

ನನ್ನ ಗಂಡನ ಅಕ್ಕ ಸರ್ಕಸ್ಸಿನಲ್ಲಿದ್ದಾರೆ ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ. ಆಮೇಲೆ ಮೆಲ್ಲಗೆ ಕೇಳುತ್ತಾರೆ, "ಏನ್ ಮಾಡ್ತಾರೆ ಅಲ್ಲಿ? ಹಗ್ಗದ ಮೇಲೆ ನಡೀತಾರಾ?"

"ಇಲ್ಲ, ಕೆಳಗೆ ನಿಂತ್ಕೋತಾರೆ" ಎನ್ನುತ್ತೇನೆ ನಾನು.

ಅಲ್ಲಿಗೆ ಅವರ ಕುತೂಹಲ ಠುಸ್ಸೆನ್ನುತ್ತದೆ. ಹಾರುವವರ ವಿಷಯ ಎಲ್ಲರಿಗೂ ಬೇಕು. ಹಾರಿದವರು ಯಾರ ಹೆಗಲ ಮೇಲೆ ಬಂದು ಇಳಿಯುತ್ತಾರೆ ಎಂದು ಕೇಳಿದ ಪುಣ್ಯಾತ್ಮರನ್ನು ನಾನಿನ್ನೂ ಕಂಡಿಲ್ಲ. ಇಳಿಯುವುದು ಅತ್ತಿಗೆಯ ಹೆಗಲ ಮೇಲೆ. ನಾನು ಹೊಟ್ಟೆಪಾಡಿಗೆ ಬಟ್ಟೆ ಹೊಲಿಯುವವಳು, ನೂರಾರು ಜನರ ಹೆಗಲು ಅಳೆದವಳು. ಅಂಥ ಹೆಗಲು ಇನ್ನೊಂದಿಲ್ಲ. ಅಂಗಡಿಯಲ್ಲಿ ಸಿಗುವ ಯಾವ ಅಂಗಿಯೂ ಅವರಿಗೆ ಹಿಡಿಸುವುದಿಲ್ಲ. ತೋಳು ತೂರಿಸಿದರೆ ಬೆನ್ನಲ್ಲಿ ಚರಕ್ಕೆನ್ನುತ್ತದೆ. ತಂಡದವರು ಅವರಿಗೆ ಬುನಾದಿ ಎಂದು ಹೆಸರಿಟ್ಟಿದ್ದಾರೆ. ಮನೆಗೆ ಫೋನು ಮಾಡುವವರೂ "ಬುನಾದಿ ಇದ್ದಾರಾ?" ಎಂದೇ ಕೇಳುತ್ತಾರೆ. ಮನೆ ಕಟ್ಟಿಸುವ ಯೋಚನೆಯಲ್ಲಿರುವವರು ಯಾರಾದರೂ ಕೇಳಿಸಿಕೊಂಡರೆ ಗಾಬರಿಯಾಗಬೇಕು.

ಈ ಸರ್ಕಸ್ಸಿನಲ್ಲಿ ಹುಲಿಯಿಲ್ಲ, ಆನೆಯಿಲ್ಲ, ಬೆಂಕಿಯ ಬಳೆಯೊಳಗೆ ನೆಗೆಯುವ ನಾಯಿಯೂ ಇಲ್ಲ. ಇರುವುದು ಮನುಷ್ಯರು ಮಾತ್ರ. ಹಳೇ ಟೈರು ಗೋದಾಮೊಂದನ್ನು ಹಿಡಿದು, ಸುಣ್ಣ ಬಳಿದು, ತೊಲೆಗಳಿಗೆ ಹಗ್ಗ ಇಳಿಬಿಟ್ಟು, ನೆಲದ ತುಂಬ ದಪ್ಪ ದಪ್ಪ ಹಾಸುಗಳನ್ನು ಹಾಕಿಕೊಂಡಿದ್ದಾರೆ. ಮಳೆ ಬಂದರೆ ಇವತ್ತಿಗೂ ಗೋಡೆಯಿಂದ ರಬ್ಬರಿನ ವಾಸನೆ ಏಳುತ್ತದೆ. ವರ್ಷದಲ್ಲಿ ಸ್ವಲ್ಪ ಕಾಲ ಊರೂರು ತಿರುಗಿ ಪ್ರದರ್ಶನ ಕೊಡುತ್ತಾರೆ. ಉಳಿದಂತೆ ಅದೇ ಗೋದಾಮಿನಲ್ಲಿ ಸುತ್ತಲಿನ ಬೀದಿಗಳ ಜನಕ್ಕೆ ಪುಕ್ಕಟೆ ಪಾಠ. ಶಾಲೆಯ ಮಕ್ಕಳಿಗೆ ಚೆಂಡು ಎಸೆದು ಹಿಡಿಯುವುದು, ವಯಸ್ಸಾದವರಿಗೆ ಪೆಟ್ಟಾಗದ ಹಾಗೆ ಬೀಳುವುದು, ಕಣ್ಣು ಕಾಣದವರಿಗೆ ಹಗ್ಗ ಹತ್ತುವುದು. ಪ್ರದರ್ಶನ ನಡೆಯುವುದೇ ಈ ಪಾಠಗಳನ್ನು ನಡೆಸುವುದಕ್ಕೆ ಎನ್ನುತ್ತಾರೆ ದೊಡ್ಡ ಟೀಚರ್. ತಂಡವನ್ನು ಕಟ್ಟಿದವರು ಅವರೇ. ಹೆಸರಿಗೆ ದೊಡ್ಡ ಟೀಚರ್, ನಿಂತರೆ ನನ್ನ ಭುಜಕ್ಕೆ ಬರುತ್ತಾರೆ. ಮಾತು ಮಾತ್ರ ಗೋದಾಮಿನ ಆ ಮೂಲೆಗೂ ಕೇಳಿಸುತ್ತದೆ.

ಅಲ್ಲಿ ಒಂದು ವಿಚಿತ್ರ ಪದ್ಧತಿಯಿದೆ. ಒಳಗೆ ಬಂದವರು ಯಾರೇ ಆಗಲಿ ಚಪ್ಪಲಿ ಬಿಟ್ಟು, ಎಲ್ಲರ ಜತೆ ಕೈಕಾಲು ಬಿಡಿಸಿ, ನಾಲ್ಕು ಸುತ್ತು ಓಡಿದ ಮೇಲೆಯೇ ಬಂದ ಕೆಲಸ ಹೇಳಬೇಕು. ಮೀಟರು ನೋಡಲು ಬಂದವನಿಗೂ ಇದೇ, ತಪಾಸಣೆಗೆ ಬಂದ ಅಧಿಕಾರಿಗೂ ಇದೇ. ನೋಡುತ್ತ ನಿಲ್ಲುವ ಜನರಿದ್ದರೆ ಕಲಿಯುವವರಿಗೆ ನಾಚಿಕೆಯಾಗುತ್ತದೆ, ಅದಕ್ಕೇ ನೋಡುವವರೇ ಇರಬಾರದು ಎನ್ನುವುದು ದೊಡ್ಡ ಟೀಚರ್ ಲೆಕ್ಕಾಚಾರ.

ಅತ್ತಿಗೆ ಬಲೆಗೆ ಬಿದ್ದದ್ದು ಹೀಗೆಯೇ. ಆಗ ಅವರು ಗೋದಾಮಿನ ಹಿಂದಿರುವ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದರು. ಒದ್ದೆ ಹಾಸಿಗೆ ಬಟ್ಟೆಗಳ ಗಾಡಿ ನೂಕುವುದು, ಮೂಟೆ ಎತ್ತಿ ಯಂತ್ರಕ್ಕೆ ಹಾಕುವುದು ಅವರ ಕೆಲಸ. ಒಂದು ದಿನ ಸರ್ಕಸ್ಸಿನವರ ಪರದೆಗಳನ್ನು ಒಗೆಸಿ ತಂದುಕೊಟ್ಟರು. ಬೈದುಕೊಳ್ಳುತ್ತಲೇ ಚಪ್ಪಲಿ ಬಿಟ್ಟರು, ಬೈದುಕೊಳ್ಳುತ್ತಲೇ ಓಡಿದರು. ಅಷ್ಟರಲ್ಲಿ ಪಕ್ಕದಲ್ಲಿ ಯಾರದೋ ಹೆಗಲ ಮೇಲೆ ನಿಂತಿದ್ದ ಹುಡುಗಿ ವಾಲಿದಳು. ಅತ್ತಿಗೆ ಮಾತು ನಿಲ್ಲಿಸದೆಯೇ ಒಂದು ಕೈ ಚಾಚಿ ಅವಳ ಪಾದ ಹಿಡಿದು ನೆಟ್ಟಗೆ ಮಾಡಿದರು. ಗೋಡೆಗೆ ಒರಗಿಸಿದ ಏಣಿ ಜಾರಿದರೆ ಹಿಡಿಯುತ್ತೇವಲ್ಲ, ಅಷ್ಟು ಸಲೀಸಾಗಿ.

"ನಾಳೆನೂ ಬನ್ನಿ" ಎಂದರಂತೆ ದೊಡ್ಡ ಟೀಚರ್.

"ನಾಳೆ ಪರದೆ ಇಲ್ವಲ್ಲ" ಎಂದರಂತೆ ಅತ್ತಿಗೆ. ಆದರೂ ಹೋದರು. ಆಗಲೇ ಅವರ ಕೂದಲಲ್ಲಿ ನರೆ ಇಣುಕಿತ್ತು.

ಅತ್ತಿಗೆಯ ಕೆಲಸ ಏನೆಂದು ಅರ್ಥವಾಗಬೇಕಾದರೆ ಒಂದು ವಿಷಯ ತಿಳಿದಿರಬೇಕು. ಒಬ್ಬರ ಮೇಲೆ ಒಬ್ಬರು ನಿಂತಾಗ ಮೇಲಿದ್ದವರು ತೂಕ ಸರಿಮಾಡಿಕೊಳ್ಳಬಾರದು. ಹೊರಗಿನವರು ಇದಕ್ಕೆ ತದ್ವಿರುದ್ಧ ತಿಳಿದಿರುತ್ತಾರೆ, ನಾನೂ ತಿಳಿದಿದ್ದೆ. ಮೇಲಿದ್ದವರು ಗಟ್ಟಿಯಾಗಿ, ನೆಟ್ಟಗೆ, ಸುಮ್ಮನೆ ಇರಬೇಕು. ವಾಲುತ್ತಿದ್ದೇನೆ ಅನ್ನಿಸಿದರೂ ಅಲ್ಲಾಡಬಾರದು. ಸರಿಮಾಡುವುದೆಲ್ಲ ಕೆಳಗಿನವರದು. ಮೇಲಿನವರೂ ತಮ್ಮ ಬುದ್ಧಿ ಓಡಿಸಿದರೋ, ಎತ್ತು ಏರಿಗೆ ಕೋಣ ನೀರಿಗೆ, ಇಬ್ಬರೂ ಹಾಸಿನ ಮೇಲೆ.

ಅತ್ತಿಗೆ ಈ ವಿದ್ಯೆಯನ್ನು ಕಲಿತರು ಎನ್ನುವುದಕ್ಕಿಂತ ಹುಟ್ಟುವಾಗಲೇ ತಂದಿದ್ದರು ಎನ್ನಬೇಕು. ಅವರ ಮೇಲೆ ಹತ್ತಿದವರ ಮುಖದಲ್ಲಿ ಒಂದು ನೆಮ್ಮದಿ ಬರುತ್ತಿತ್ತು. ಒಬ್ಬ ಬಸ್ ಡ್ರೈವರ್ ಬರುತ್ತಿದ್ದರು, ಬಾಲ್ಕನಿಗೂ ಹೋಗಲು ಹೆದರುವ ಮನುಷ್ಯ. ಅತ್ತಿಗೆಯ ಹೆಗಲ ಮೇಲೆ ಕೂತು, "ಅಕ್ಕಾ, ನನ್ನ ಕಾಲು ನಡುಗ್ತಿದೆ" ಎಂದರು. ಅತ್ತಿಗೆ ಕೆಳಗಿನಿಂದಲೇ, "ನಡುಗ್ಲಿ ಬಿಡಪ್ಪ, ನಿನ್ನ ಕಾಲು ತಾನೇ ನಡುಗ್ತಿರೋದು, ನನ್ನದಲ್ವಲ್ಲ" ಎಂದರು. ಡ್ರೈವರ್ ನಕ್ಕರು, ನಡುಕ ನಿಂತಿತು. ಗದರದೆ, ರಮಿಸದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಮನುಷ್ಯನನ್ನು ಹಗುರ ಮಾಡುವ ಆ ಗುಣ ನನಗೆ ಇಲ್ಲ. ನನ್ನ ಬಾಯಿ ಕತ್ತರಿ. ಅದಕ್ಕೇ ಇರಬೇಕು, ಅವರನ್ನು ಕಂಡರೆ ನನಗೆ ಗೌರವ.

ಗೌರವ ಗೋದಾಮಿನಲ್ಲಿ ಮಾತ್ರ ಎಂದು ಹೇಳಿಬಿಡುತ್ತೇನೆ. ಮನೆಯಲ್ಲಿ ನಮ್ಮಿಬ್ಬರದು ಬೇರೆಯದೇ ಕಥೆ. ನಾನು ಮದುವೆಯಾಗಿ ಬಂದಾಗ ಆ ಮನೆ ಅತ್ತಿಗೆಯ ಕೈಯಲ್ಲಿತ್ತು. ತಾಯಿ ಹೋದ ಮೇಲೆ ತಮ್ಮನನ್ನು ಸಾಕಿ ಬೆಳೆಸಿದವರು, ಮದುವೆ ಮಾಡಿಕೊಳ್ಳದೆ ಉಳಿದವರು, ಸರಿ. ಆದರೆ ನಾನು ಉಪ್ಪು ಹಾಕಿ ತಿರುಗುವಷ್ಟರಲ್ಲಿ ಅವರೂ ಒಂದು ಚಿಟಿಕೆ ಹಾಕಿರುತ್ತಿದ್ದರು. ನಾನು ಹೊಲಿದ ಗುಂಡಿಯನ್ನು ಎಳೆದು ನೋಡುತ್ತಿದ್ದರು. ನಾನು ಬೀಗ ಹಾಕಿದ ಬಾಗಿಲನ್ನು ಹಿಂದಿರುಗಿ ಹೋಗಿ ಜಗ್ಗುತ್ತಿದ್ದರು. ನಾನೂ ಸುಮ್ಮನಿರುವ ಗಿರಾಕಿಯಲ್ಲ. ಅವರು ಮಡಿಸಿಟ್ಟ ಬಟ್ಟೆ ಬಿಚ್ಚಿ ಮತ್ತೆ ಮಡಿಸುತ್ತಿದ್ದೆ. ನನ್ನ ಗಂಡ ನಡುವೆ ಪೇಪರು ಹಿಡಿದುಕೊಂಡು ಕೂತಿರುತ್ತಿದ್ದರು. ಅಷ್ಟು ವರ್ಷದಲ್ಲಿ ಒಂದು ಪುಟ ತಿರುಗಿಸಿದ್ದನ್ನು ನಾನು ಕಂಡಿಲ್ಲ.

ಆಮೇಲೆ ತಂಡದವರ ಬಟ್ಟೆ ಹೊಲಿಯುವ ಕೆಲಸ ನನಗೆ ಬಂತು. ಅಳತೆ ತೆಗೆಯಲು ಒಳಗೆ ಹೋದವಳು ನಾನೂ ಚಪ್ಪಲಿ ಬಿಡಲೇಬೇಕಾಯಿತು. ಹೋದಾಗಲೆಲ್ಲ ಓಡು, ಬಾಗು, ಬೀಳು. ವರ್ಷಗಟ್ಟಲೆ ಹೀಗೆ ನಡೆದು, ಚಿಕ್ಕ ಮಕ್ಕಳನ್ನು ತೊಡೆಯ ಮೇಲೆ ನಿಲ್ಲಿಸಿಕೊಳ್ಳುವಷ್ಟು ಕಲಿತಿದ್ದೆ. ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರದ ಮುಂದೆ ಅರ್ಧ ಆಯಸ್ಸು ಕಳೆದವಳ ತೊಡೆಗೆ ಅದೇನು ಭಾರವಲ್ಲ.

ಈ ನಡುವೆ ಅತ್ತಿಗೆ ಲಾಂಡ್ರಿ ಬಿಟ್ಟು ಪೂರ್ತಿಯಾಗಿ ತಂಡಕ್ಕೆ ಸೇರಿದ್ದರು. ಆದರೆ ಲಾಂಡ್ರಿಯ ಗೆಳತಿಯರನ್ನು ಬಿಟ್ಟಿರಲಿಲ್ಲ. ಮೂಟೆ ಎತ್ತಿ ಎತ್ತಿ ಆ ಹೆಂಗಸರ ಬೆನ್ನು ಹೋಗಿತ್ತು, ಭುಜ ಕಿವಿಗೆ ಅಂಟಿಕೊಂಡಿತ್ತು. ಅವರಲ್ಲಿ ಹಿರಿಯಳು ಇಸ್ತ್ರಿ ಅಕ್ಕ. ಆಸ್ಪತ್ರೆಯ ಹಾಸಿಗೆ ಬಟ್ಟೆಗೆಲ್ಲ ಇಸ್ತ್ರಿ ಹಾಕುವವಳು, ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಲು ಬರುತ್ತಿರಲಿಲ್ಲ. ಕೂದಲು ಬಾಚಿಕೊಳ್ಳಲು ಮಗಳನ್ನು ಕರೆಯುತ್ತಿದ್ದಳು. ಅವರಿಗಾಗಿಯೇ ಒಂದು ಪಾಠ ನಡೆಸಬೇಕು, ಅದೂ ಲಾಂಡ್ರಿಯಲ್ಲೇ, ಕೆಲಸದ ವೇಳೆಯಲ್ಲೇ ಎನ್ನುವುದು ಅತ್ತಿಗೆಯ ಹಟ. ಲಾಂಡ್ರಿಯ ಮೇಲ್ವಿಚಾರಕರ ಹಿಂದೆ ಬಿದ್ದು, ಬಟ್ಟೆ ಒಣಗಿಸುವ ಕೋಣೆಯನ್ನು ವಾರಕ್ಕೊಂದು ಮಧ್ಯಾಹ್ನ ಬಿಡಿಸಿಕೊಂಡರು. ಬೆಚ್ಚಗಿನ ಕೋಣೆ, ಹಿಡಿದುಹೋದ ಮೈಗೆ ಒಳ್ಳೆಯದು ಎಂದು ಊಟ ಮಾಡುವಾಗಲೂ ಅದೇ ಮಾತು. ಅವರಿಗೆ ಅಷ್ಟು ಆಸೆಯಾದ ಇನ್ನೊಂದು ವಸ್ತುವನ್ನು ನಾನು ನೋಡಿಲ್ಲ.

ಅಡ್ಡ ಬಂದದ್ದು ತಂಡದ ನಿಯಮ. ಅತ್ತಿಗೆ ಇಲ್ಲಿಯವರೆಗೆ ಬೇರೆ ಶಿಕ್ಷಕರ ಜತೆಗೆ ನಿಂತು ಕಲಿಸಿದವರು. ಒಬ್ಬರೇ ಪಾಠ ನಡೆಸಬೇಕಾದರೆ ಕೆಳಗೂ ನಿಂತಿರಬೇಕು, ಮೇಲೂ ನಿಂತಿರಬೇಕು. ಮೇಲಿನ ಭಯ ಗೊತ್ತಿಲ್ಲದವರು ಮೇಲಿದ್ದವರನ್ನು ಅವಸರ ಮಾಡುತ್ತಾರೆ, ಅವಸರದಲ್ಲಿ ಮೂಳೆ ಮುರಿಯುತ್ತದೆ ಎಂದು ದೊಡ್ಡ ಟೀಚರ್ ಈ ವಿಷಯದಲ್ಲಿ ಯಾರ ಮುಲಾಜಿಗೂ ಬೀಳುವುದಿಲ್ಲ. ಬಹಳ ಎತ್ತರವೂ ಬೇಕಿಲ್ಲ. ಕೆಳಗಿನವರು ಕಾಲು ಅಗಲಿಸಿ, ಕುರ್ಚಿಯಿಲ್ಲದ ಕಡೆ ಕುರ್ಚಿಯಲ್ಲಿ ಕೂತ ಹಾಗೆ ಮಂಡಿ ಬಗ್ಗಿಸುತ್ತಾರೆ. ಮೇಲಿನವರು ಅವರಿಗೆ ಬೆನ್ನು ಮಾಡಿ ತೊಡೆಗಳ ಮೇಲೆ ಹತ್ತಿ, ಮುಂದಕ್ಕೆ ಬಾಗಿ ನಿಲ್ಲುತ್ತಾರೆ. ಹಿಂದಿನಿಂದ ಮೊಣಕಾಲ ಮೇಲೆ ಹಿಡಿದ ಎರಡು ಕೈಗಳನ್ನು ಬಿಟ್ಟರೆ ಬೇರೆ ಆಸರೆಯಿಲ್ಲ, ಮುಂದೆ ಬರೀ ಗಾಳಿ. ಎದುರಿಗೆ ನಿಂತು ಕೈ ಕೊಟ್ಟು ಹತ್ತಿಸಿದ ಮೂರನೆಯವರು ಕೈ ಬಿಟ್ಟು, ಎದುರಿನ ಗೋಡೆ ಮುಟ್ಟಿ ವಾಪಸ್ಸು ಬರುವವರೆಗೆ ನಿಂತರೆ ಆಯಿತು. ಇದನ್ನು ಶಾಲೆಯ ಮಕ್ಕಳು ಮೊದಲ ತಿಂಗಳಲ್ಲೇ ಮಾಡುತ್ತಾರೆ.

ಅತ್ತಿಗೆಗೆ ಆಗಲಿಲ್ಲ.

ತಂಡದ ಬಲಶಾಲಿ ಕಂಬ. ಉದ್ದಕ್ಕೆ, ಗಟ್ಟಿಯಾಗಿ ಇರುವುದರಿಂದ ಆ ಹೆಸರು. ಅವನು ಕೆಳಗೆ ನಿಂತ. ಅತ್ತಿಗೆ ಹತ್ತಿದರು, ಮುಂದಕ್ಕೆ ಬಾಗಿದರು, ಬಾಗುತ್ತಲೇ ಸೊಂಟವನ್ನು ಹಿಂದಕ್ಕೆ ಎಳೆದುಕೊಂಡರು. ಕಂಬ ಉರುಳಿತು. ಮತ್ತೆ ಹತ್ತಿದರು, ಮತ್ತೆ ಅದೇ. ಇನ್ನೊಬ್ಬರು ನಿಂತರು, ಅವರೂ ಬಿದ್ದರು. ಕೆಳಗಿನವರ ತೂಕ ಎತ್ತ ಹೋಗುತ್ತಿದೆ ಎಂದು ಅತ್ತಿಗೆಯ ಪಾದಕ್ಕೆ ಥಟ್ಟನೆ ತಿಳಿಯುತ್ತಿತ್ತು, ತಿಳಿದ ಮೇಲೆ ಸರಿಮಾಡದೆ ಇರಲು ಅವರಿಂದ ಆಗುತ್ತಿರಲಿಲ್ಲ. ಅಷ್ಟು ವರ್ಷ ಕೆಳಗೆ ನಿಂತವರು ಮಾತ್ರ ಮಾಡಬಹುದಾದ ತಪ್ಪು ಅದು.

"ಅವನ ಹಿಡಿತ ಸರಿ ಇಲ್ಲ" ಎಂದರು ಮನೆಗೆ ಬಂದು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದೆ ನಾನು, ದಾರ ಕಚ್ಚಿ ಕತ್ತರಿಸುತ್ತ.

ಮಾಮೂಲಾಗಿ ಆ ಮಾತಿಗೆ ಯುದ್ಧವೇ ಆಗಬೇಕಿತ್ತು. ಅತ್ತಿಗೆ ತಟ್ಟೆಯ ಅನ್ನವನ್ನು ಬೆರಳಲ್ಲಿ ಅತ್ತಿಂದಿತ್ತ ಸರಿಸಿದರು. ನನಗೆ ಕಸಿವಿಸಿಯಾಯಿತು.

"ಅತ್ತಿಗೆ, ಚಿಕ್ಕವರಿದ್ದಾಗ ನಿಮ್ಮನ್ನ ಯಾರಾದ್ರೂ ಎತ್ಕೊಂಡಿದ್ದು ನೆನಪಿದ್ಯಾ?"

"ಎತ್ಕೊಂಡಿರ್ತಾರೆ. ನೆನಪಿಲ್ಲ. ನಿನ್ನ ಗಂಡನ್ನ ಎತ್ಕೊಂಡು ಬಾವಿ ಕಟ್ಟೆ ಸುತ್ತಿದ್ದು ನೆನಪಿದೆ. ಆಗ್ಲೇ ಭಾರ ಇದ್ದ ಅವನು."

ಪೇಪರಿನ ಹಿಂದೆ ನನ್ನ ಗಂಡ ಮೂಗು ಎಳೆದುಕೊಂಡದ್ದು ಕೇಳಿಸಿತು.

ದೊಡ್ಡ ಟೀಚರ್ ಕೊಟ್ಟ ಕೊನೆಯ ಅವಕಾಶದ ದಿನ ಗೋದಾಮಿಗೆ ಇಸ್ತ್ರಿ ಅಕ್ಕನೂ ಲಾಂಡ್ರಿಯ ಹೆಂಗಸರೂ ಬಂದರು. ಊಟದ ಬಿಡುವಿನಲ್ಲಿ ಓಡಿಬಂದವರು, ಮೈಮೇಲೆ ಸೋಪಿನ ವಾಸನೆ. ಅವರನ್ನೂ ಬಿಡದೆ ದೊಡ್ಡ ಟೀಚರ್ ಓಡಿಸಿದರು. ಓಡಿ ಮುಗಿಸಿ ಏದುಸಿರು ಬಿಡುತ್ತ ಸುತ್ತ ನಿಂತರು. ನಾನು ಮೂಲೆಯಲ್ಲಿ ಯಾರದೋ ಪ್ಯಾಂಟಿನ ಅಂಚಿಗೆ ಪಿನ್ನು ಚುಚ್ಚುತ್ತಿದ್ದೆ. ಅತ್ತಿಗೆ ಕಂಬನ ಮೇಲೆ ಹತ್ತಿದರು. ಬಿದ್ದರು. ಎದ್ದು ಹತ್ತಿದರು. ಬಿದ್ದರು.

ದೊಡ್ಡ ಟೀಚರ್ ಹತ್ತಿರ ಬಂದು, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ ಹೇಳಿದರು. "ಬುನಾದಿ, ಕೋಣೆ ಸಿಕ್ಕಿದೆ, ಮುಂದಿನ ವಾರ ಶುರು ಮಾಡ್ಲೇಬೇಕು. ನಿಮ್ಮ ಕೈಲಿ ಆಗ್ದೆ ಇದ್ರೆ ಬೇರೆ ಟೀಚರ್‌ನ ಕಳಿಸ್ತೀನಿ. ಪಾಠ ನಿಲ್ಲೋದಿಲ್ಲ."

"ನಿಲ್ಲುತ್ತೆ" ಎಂದಳು ಇಸ್ತ್ರಿ ಅಕ್ಕ. "ಬೇರೆಯವರು ಬಂದ್ರೆ ನಾವು ಬರಲ್ಲ. ನಮ್ಮ ನೋವು ಇವಳಿಗೆ ಗೊತ್ತು. ಬೇರೆಯವರ ಮುಂದೆ ಕೈ ಎತ್ತೋಕೆ ಬರಲ್ಲ ಅಂತ ತೋರಿಸ್ಕೊಳ್ಳೋದು ಯಾಕೆ?"

ಅತ್ತಿಗೆ ಹಾಸಿನ ಮೇಲೆ ಕೂತೇ ಇದ್ದರು. ಆ ಅಗಲವಾದ ಹೆಗಲು ಕುಸಿದದ್ದನ್ನು ನಾನು ಮೊದಲ ಸಲ ನೋಡಿದೆ. ನನಗೆ ಸಂಕಟವಾಯಿತು. ಸಂಕಟವಾದರೆ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಜಾಯಮಾನ. ಪಿನ್ನಿನ ಡಬ್ಬಿ ಕೆಳಗಿಟ್ಟು ಹೋಗಿ ಅವರ ಹಿಂದೆ ಕಾಲು ಅಗಲಿಸಿ ನಿಂತೆ.

"ಏಳಿ ಅತ್ತಿಗೆ. ಹತ್ತಿ."

ತಿರುಗಿ ನೋಡಿದರು. "ನೀನಾ?"

"ಇನ್ನೇನು, ನಿಮ್ಮ ತಮ್ಮನ್ನ ಕರೀಲಾ? ಅವರು ಪೇಪರ್ ಓದ್ತಿರ್ತಾರೆ."

"ನಿನ್ನ ಬೆನ್ನು ಹೋಗುತ್ತೆ ಕಣೆ. ನಾನು ಎಷ್ಟು ಭಾರ ಇದ್ದೀನಿ ಗೊತ್ತಾ?"

"ನಿಮ್ಮ ಭಾರ ಗೊತ್ತಿಲ್ದೆ ಇಷ್ಟು ವರ್ಷ ಆ ಮನೇಲಿ ಇದ್ದೀನಾ?"

ಹೆಂಗಸರು ನಕ್ಕರು. ದೊಡ್ಡ ಟೀಚರ್ ನಗಲಿಲ್ಲ. ನನ್ನ ಪಾದ ಎಲ್ಲಿದೆ, ಮಂಡಿ ಎಷ್ಟು ಬಗ್ಗಿದೆ ನೋಡಿ, ಹಿಂಬದಿಗೆ ಇನ್ನೊಂದು ಹಾಸು ಎಳೆಸಿದರು. ಕಂಬ ಎದುರಿಗೆ ಬಂದು ಅತ್ತಿಗೆಗೆ ಕೈ ಕೊಟ್ಟ. ನಾನು ಸೊಂಟ ಹಿಡಿದೆ. ಒಂದು ಪಾದ ಬಂತು, ಇನ್ನೊಂದು ಪಾದ ಬಂತು. ಅಬ್ಬಬ್ಬಾ, ಮಕ್ಕಳಲ್ಲ ಇವರು ಎಂದು ತೊಡೆಗೆ ಆಗಲೇ ತಿಳಿಯಿತು. ಕೈ ಇಳಿಸಿ ಮೊಣಕಾಲ ಮೇಲೆ ಹಿಡಿದೆ. ಅವರು ಮುಂದಕ್ಕೆ ಬಾಗಿದರು, ನಾನು ಹಿಂದಕ್ಕೆ ವಾಲಿದೆ. ಕಂಬ ಕೈ ಬಿಟ್ಟ. ಬಿಟ್ಟದ್ದೇ ತಡ, ಅವರ ಸೊಂಟ ಹಿಂದಕ್ಕೆ ಬಂತು. ಇಬ್ಬರೂ ಧೊಪ್ಪನೆ ಬಿದ್ದೆವು, ನನ್ನ ಮೇಲೆ ಅವರು.

"ಯಾಕೆ ಹಿಂದಕ್ಕೆ ಬಂದ್ರಿ?" ಎಂದೆ, ಅವರ ಅಡಿಯಿಂದಲೇ.

"ನೀನು ಎಡಕ್ಕೆ ಹೋಗ್ತಿದ್ದೆ. ಸರಿಮಾಡಿದೆ."

"ಹೋಗ್ತಿದ್ದೆ, ಬರ್ತಿದ್ದೆ. ಅದು ನನ್ನ ಕೆಲಸ. ನಾನು ಮಾಡೋ ಕೆಲಸಾನ ಒಂದೇ ಒಂದು ಸಲ ನನಗೆ ಬಿಡಿ ಅತ್ತಿಗೆ. ಕೆಟ್ಟರೆ ಕೆಡ್ಲಿ. ಬಿದ್ರೆ ಇಬ್ಬರೂ ಬೀಳೋಣ. ಆದ್ರೆ ನೀವು ಸರಿಮಾಡಬೇಡಿ."

ಅಷ್ಟು ಜನರ ಮುಂದೆ ಹಾಗೆ ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಎದ್ದು, ನನಗೆ ಕೈ ಕೊಟ್ಟು ಎಬ್ಬಿಸಿ, ಬೆನ್ನು ಮಾಡಿ ನಿಂತರು.

ಮತ್ತೆ ಪಾದ, ಮತ್ತೆ ಭಾರ. ಬಾಗಿದರು. ಕಂಬ ಕೈ ಬಿಟ್ಟು ತಿರುಗಿ ಗೋಡೆಯ ಕಡೆ ನಡೆದ. ಓಡಬಾರದು, ಅದೂ ನಿಯಮ. ಅವನ ಬೆನ್ನು ಸಣ್ಣದಾಗುತ್ತ ಹೋಯಿತು. ನನ್ನ ತೊಡೆ ಉರಿಯತೊಡಗಿತು. ಅವರು ಮುಂದೆ ಮುಂದೆ ವಾಲುತ್ತಿದ್ದರು, ನಾನು ಹಿಂದೆ ಹಿಂದೆ ಬಾಗುತ್ತಿದ್ದೆ. ಕಂಬ ಗೋಡೆ ಮುಟ್ಟಿದ. ಆಗ ನನ್ನ ಬಲಗೈ ಸೋಲತೊಡಗಿತು. ಬೆರಳಿಂದ ಶುರುವಾದ ನಡುಕ ಮೊಣಕೈವರೆಗೆ ಬಂತು. ಎಷ್ಟು ಬಿಗಿ ಹಿಡಿದರೂ ನಿಲ್ಲಲಿಲ್ಲ. ಈಗ ಇವರು ಸೊಂಟ ಎಳೆದುಕೊಳ್ಳುತ್ತಾರೆ ಎಂದು ಹಲ್ಲು ಕಚ್ಚಿ ಕಾದೆ. ಅವರ ಮೊಣಕಾಲು ಒಂದಿಷ್ಟೂ ಮಿಸುಕಲಿಲ್ಲ. ಕಂಬ ನಡೆದು ಬಂದ, ಬಂದ, ಬಂದು ಕೈ ಕೊಟ್ಟ.

ಇಳಿದ ಮೇಲೆ ಗೋದಾಮಿನಲ್ಲಿ ಗದ್ದಲವೋ ಗದ್ದಲ. ಇಸ್ತ್ರಿ ಅಕ್ಕ ಬಲಗೈಯನ್ನು ಎಷ್ಟು ಎತ್ತಲು ಆಗುತ್ತದೋ ಅಷ್ಟು ಎತ್ತಿ ಅತ್ತಿಗೆಯ ಕೆನ್ನೆ ತಟ್ಟಿದಳು. ಅದು ಭುಜದವರೆಗೆ ಬಂತು, ಮಿಕ್ಕದ್ದಕ್ಕೆ ಅತ್ತಿಗೆಯೇ ತಲೆ ಬಗ್ಗಿಸಿದರು. "ಮುಂದಿನ ವಾರ ಒಣಗಿಸೋ ಕೋಣೆ, ಬುನಾದಿ" ಎಂದು ದೊಡ್ಡ ಟೀಚರ್ ಆ ಮೂಲೆಯಿಂದ ಕೂಗಿದರು.

ಮನೆಗೆ ಇಬ್ಬರೂ ನಡೆದುಕೊಂಡೇ ಹೊರಟೆವು. ನನ್ನ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ, ಅದಕ್ಕೆ ಮೆಲ್ಲಗೆ ನಡೆಯುತ್ತಿದ್ದೆವು. ಲಾಂಡ್ರಿಯ ಗೇಟು ದಾಟಿದ ಮೇಲೆ ಅತ್ತಿಗೆ ಮಾತೆತ್ತಿದರು.

"ನಿನ್ನ ಕೈ ನಡುಗ್ತಿತ್ತು."

"ಗೊತ್ತಾಯ್ತಾ?"

"ಗೊತ್ತಾಗ್ದೆ ಇರುತ್ತಾ? ಕೆಳಗಿನವರ ಕೈ ಹಾಗೆ ನಡುಗಿದ್ರೆ ಆಮೇಲೆ ಏನಾಗುತ್ತೆ ಅನ್ನೋದೂ ಗೊತ್ತು."

"ಮತ್ತೆ ಇಳಿದುಬಿಡಬೇಕಿತ್ತು ತಾನೇ?"

"ಇಳಿಯೋಣ ಅಂದ್ಕೊಂಡೆ." ನಾನು ಕುಂಟುವುದು ಕಂಡು ಹೆಜ್ಜೆ ಇನ್ನೂ ನಿಧಾನ ಮಾಡಿದರು. "ಬಿಡಲ್ಲ ಇವಳು ಅನ್ನಿಸ್ತು. ಹಾಗೇ ಇದ್ದೆ."

ನಾನು ಅತ್ತಿಗೆಯ ತೋಳು ಹಿಡಿದುಕೊಂಡು, ಕಾಲು ನೋಯುತ್ತಿದೆ ಎಂಬ ನೆಪದಲ್ಲಿ ಮನೆಯವರೆಗೂ ಅಳುತ್ತ ನಡೆದೆ.